ಅಕ್ಕನ ಕುಂಡದ ನುಸಿ

ನಗಬಾರದ ಹೊತ್ತಿನಲ್ಲೇ ನಗು ಬರಿಸುವ ಪ್ರಸಂಗಗಳು ನಮ್ಮ ಮನೆಗೆ ದಾರಿ ಕೇಳಿಕೊಂಡು ಬರುತ್ತಿದ್ದವು. ಬೆಟಗೇರಿಯ ನಮ್ಮ ಓಣಿಯಲ್ಲಿ ಉಳಿದವರ ಮನೆಗೆ ಹಬ್ಬಕ್ಕೆ ಬೀಗರು ಬಂದರೆ ನಮ್ಮ ಮನೆಗೆ ಇಂಥವು ಬರುತ್ತಿದ್ದವು, ಅದೂ ಮನೆ ತುಂಬ ದುಃಖ ಇದ್ದಾಗಲೇ. ಆ ದಿನಗಳಲ್ಲಿ ನಾನು ನಕ್ಕದ್ದಕ್ಕಿಂತ ನಗು ನುಂಗಿದ್ದೇ ಹೆಚ್ಚು. ನುಂಗಿದ್ದನ್ನು ಈಗ ಹೇಳುತ್ತೇನೆ.

ಸ್ವರಾಜ್ಯ ಬಂದು ಇನ್ನೂ ಹೊಸತು. ದೇಶದಲ್ಲಿ ಕಾಳಿನ ಕೊರತೆ. ಕಸಕಡ್ಡಿ, ಸಗಣಿ, ಒಣಗಿದ ಎಲೆ ಗುಂಡಿಗೆ ಹಾಕಿ ಒಳ್ಳೆಯ ಗೊಬ್ಬರ ಮಾಡುವುದು ಹೇಗೆಂದು ಊರೂರಿಗೆ ಹೋಗಿ ಹೇಳುವ ಸರಕಾರಿ ಕೆಲಸ ನನಗೆ ಸಿಕ್ಕಿತ್ತು. ರೈತರಿಗೆ ಸಗಣಿಯ ಪಾಠ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಜನ ನನ್ನನ್ನು ‘ಗೊಬ್ಬರ ಮಾಸ್ತರ’ ಎಂದು ಕರೆಯುತ್ತಿದ್ದರು. ಹೆಣ್ಣು ಕೊಡುವವರು ಆ ಹೆಸರು ಕೇಳಿ ಮನೆಯ ಹೊಸ್ತಿಲಿನಿಂದಲೇ ತಿರುಗಿ ಹೋಗುತ್ತಿದ್ದರು.

ಅದೇ ವರ್ಷ, ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದ ನಮ್ಮ ಅಕ್ಕನ ಗಂಡ ವಿಷಮಜ್ವರ ಬಂದು ತೀರಿಹೋದ. ಮಕ್ಕಳಿರಲಿಲ್ಲ. ಅಕ್ಕನನ್ನು ಬೆಟಗೇರಿಗೆ ಕರೆದುಕೊಂಡು ಬಂದೆವು. ನಮ್ಮ ಮನೆತನದ ಪದ್ಧತಿಯಂತೆ ಅವಳನ್ನು ಒಳಕೋಣೆಯ ಮೂಲೆಗೆ ಕೂಡಿಸಿದರು. ಗಂಡ ಸತ್ತವಳು ಪಡಸಾಲೆಗೆ ಬರಬಾರದು, ಬೆಳಗಿನ ಹೊತ್ತು ಯಾರಿಗೂ ಮುಖ ತೋರಿಸಬಾರದು. ವರ್ಷ ತುಂಬಿದ ಮೇಲೆ ಮನೆಯ ಹಿರಿಯರು ಒಳ್ಳೆಯ ದಿನ ನೋಡಿ ‘ಹೊರಗೆ ಬಾ’ ಅನ್ನಬೇಕು, ಆಗ ಅವಳ ಸೆರೆ ಬಿಡುತ್ತದೆ. ನಮ್ಮಪ್ಪ ಹಿಂದೆಯೇ ತೀರಿಕೊಂಡಿದ್ದರಿಂದ ಹಿರಿಯರು ಅಂದರೆ ಅಪ್ಪನ ತಮ್ಮ, ನಮ್ಮ ಕಾಕಾ. ವರ್ಷ ತುಂಬಿತು, ಮೇಲೆ ಇನ್ನೊಂದು ಮಳೆಗಾಲವೂ ಬಂತು. ಅವ್ವ ಕೇಳಿದಾಗಲೆಲ್ಲ ಕಾಕಾ ಪಂಚಾಂಗ ತಿರುವಿ ಹಾಕಿ ‘ನೋಡೂಣು’ ಅನ್ನುತ್ತಿದ್ದರು. ಒಳ್ಳೆಯ ದಿನ ಮಾತ್ರ ಎಂದೂ ನೋಡಲಿಲ್ಲ.

ತಲೆಯ ಮಾಸ್ತರ

ಒಳಕೋಣೆಯಲ್ಲಿ ಕಣ್ಣಿಗೆ ಬೀಳುವಂಥದ್ದು ಏನೂ ಇರಲಿಲ್ಲ. ಮಣ್ಣಿನ ಮಾಳಿಗೆಯ ಬೆಳಕಿಂಡಿಯಿಂದ ಒಂದು ತುಂಡು ಬಿಸಿಲು ಬಿದ್ದು, ಗೋಡೆಯ ಮೇಲೆ ತುಸು ಹೊತ್ತು ಇದ್ದು ಹೋಗುತ್ತಿತ್ತು. ಒಂದು ದಿನ ಅಕ್ಕ ನನ್ನನ್ನು ಕರೆದು, ಊರ ಮಂದಿಗೆಲ್ಲ ಗೊಬ್ಬರ ಹಂಚುತ್ತೀಯಲ್ಲ, ನನಗೂ ಒಂದು ಬುಟ್ಟಿ ತಂದುಕೊಡು ಅಂದಳು. ಮದುವೆಯಾದ ಮೇಲೆ ಅವಳು ನನ್ನ ಹತ್ತಿರ ಕೇಳಿದ ಮೊದಲ ವಸ್ತು ಅದು. ಸೀರೆ ಅಲ್ಲ, ಬಳೆ ಅಲ್ಲ, ಗೊಬ್ಬರ.

ಮುಂಡರಗಿ ಕಡೆಯ ಹಿರೇವಡ್ಡಟ್ಟಿಯಲ್ಲಿ ನಾನು ಮುಂದೆ ನಿಂತು ಮಾಡಿಸಿದ್ದ ಗುಂಡಿಯಿಂದ ಕಪ್ಪಗೆ ಕಳಿತ ಗೊಬ್ಬರ ತಂದುಕೊಟ್ಟೆ. ಅಟ್ಟದ ಮೇಲಿನ ಒಡಕು ಗಡಿಗೆಗಳನ್ನು ಇಳಿಸಿ, ಮಣ್ಣು ಗೊಬ್ಬರ ಕಲಸಿ, ಬೆಳಕಿಂಡಿಯ ಕೆಳಗೆ ಸಾಲಾಗಿ ಇಟ್ಟು ಅಕ್ಕ ಮೆಂತ್ಯೆ ಹಾಕಿದಳು, ಕೊತ್ತಂಬರಿ ಹಾಕಿದಳು. ಬಿಸಿಲು ಸರಿದ ಹಾಗೆ ಗಡಿಗೆಗಳನ್ನೂ ಸರಿಸುತ್ತ ಕೂಡುತ್ತಿದ್ದಳು. ಮೊಳಕೆ ಬಂದ ದಿನ ಆಕೆ ಎರಡು ತುತ್ತು ಹೆಚ್ಚಿಗೆ ಉಂಡಳೆಂದು ಅವ್ವ ನನಗೆ ಗುಟ್ಟಾಗಿ ಹೇಳಿದಳು.

ಮೊಳಕೆಯ ಬೆನ್ನಿಗೇ ನುಸಿ ಬಂದವು. ರವೆಯ ಕಾಳಿಗಿಂತ ಸಣ್ಣವು, ಬಿಳಿಯವು, ಕೆಲವು ಕಂದು. ನೀರು ಹಾಕಿದ ಕೂಡಲೇ ಮಣ್ಣಿನ ಮೇಲೆ ಎದ್ದು ಗಡಿಗೆಯ ಅಂಚಿನಲ್ಲಿ ಓಡಾಡುತ್ತಿದ್ದವು. ಅವ್ವ ಅದನ್ನು ನೋಡಿದವಳೇ ಬಾಯಿ ಮುಚ್ಚಿಕೊಂಡು ಹೊರಗೆ ಹೋಗಿ ಸೀಮೆಎಣ್ಣೆಯ ಬುಡ್ಡಿ ತಂದಳು. ಅಕ್ಕನ ತಲೆಯಲ್ಲಿ ಹೇನು ಬಿದ್ದಿವೆ, ಅವೇ ಉದುರಿ ಮಣ್ಣಿನಲ್ಲಿ ಮರಿ ಹಾಕಿವೆ ಎಂಬುದು ಅವಳ ತೀರ್ಮಾನ. ನಾನು ಅಡ್ಡ ಬಂದು ತಿಳಿಸಿ ಹೇಳಿದೆ. ಇವು ಮಣ್ಣಿನ ನುಸಿ, ಕೊಳೆತ ಎಲೆ ಕಡ್ಡಿ ತಿಂದು ಗೊಬ್ಬರ ಮಾಡುತ್ತವೆ, ಮನುಷ್ಯರನ್ನು ಕಚ್ಚುವುದಿಲ್ಲ, ಗಿಡಕ್ಕೂ ಕೇಡಿಲ್ಲ, ಇವು ಇದ್ದರೆ ಮಣ್ಣು ಚಲೋ ಇದೆ ಎಂದೇ ಅರ್ಥ ಎಂದೆ. ಅವ್ವ ಸಮಾಧಾನದಿಂದ ಎಲ್ಲ ಕೇಳಿಸಿಕೊಂಡಳು. ಕೇಳಿಸಿಕೊಂಡು ಅಕ್ಕನ ತಲೆಯ ಮೇಲೆ ಬುಡ್ಡಿ ಬಗ್ಗಿಸಿದಳು.

“ನೀ ಗೊಬ್ಬರದ ಮಾಸ್ತರ ಅದೀ. ತಲೀದು ನಮಗ ಬಿಡು,” ಅಂದಳು.

ಹೇನು ಸಿಗಲಿಲ್ಲ. ನಾಲ್ಕು ದಿನ ಅಕ್ಕನ ಕೋಣೆಯಲ್ಲಿ ದೀಪ ಹಚ್ಚಲು ಮಾತ್ರ ಎಲ್ಲರೂ ಹೆದರಿದರು.

ಪಾಪಕ್ಕೆ ಆಳು ಬೇಕು

ಸುದ್ದಿ ಕಾಕಾನ ಕಿವಿಗೆ ಹೋಯಿತು. ಕಾಕಾ ದೊಡ್ಡ ದೇಶಾಭಿಮಾನಿಗಳು. ಬೀದರದಿಂದ ಕೊಡಗಿನ ತನಕ ಹರಿದು ಹಂಚಿಹೋದ ಕನ್ನಡಿಗರೆಲ್ಲ ಒಂದೇ ಮನೆಗೆ ಬರಬೇಕೆಂದು ಗದಗಿನ ಸಭೆಗಳಲ್ಲಿ ಮೇಜು ಕುಟ್ಟಿ ಮಾತಾಡುತ್ತಿದ್ದರು. ಚಪ್ಪಾಳೆ ಹೊಡೆಸಿಕೊಂಡು ಮನೆಗೆ ಬಂದು ಪಡಸಾಲೆಯಲ್ಲಿ ಕೂತರೆ, ನಡುವೆ ಒಂದು ಬಾಗಿಲು ದಾಟಿ ಅಣ್ಣನ ಮಗಳು ಆಚೆ ಬರುವಂತಿರಲಿಲ್ಲ. ಇದನ್ನು ಅವರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ.

ಕಾಕಾ ಒಳಕೋಣೆಯ ಹೊಸ್ತಿಲಲ್ಲಿ ನಿಂತು, ಮುಖ ಮಾತ್ರ ಆಚೆ ತಿರುಗಿಸಿಕೊಂಡು, ಕೆಟ್ಟ ಕರ್ಮ ಇದ್ದಲ್ಲಿ ಹುಳ ಹುಟ್ಟುತ್ತವೆ, ಈ ಗಡಿಗೆಗಳನ್ನು ಇವತ್ತೇ ಹೊರಗೆ ಒಗೆಯಿರಿ ಎಂದು ಅಪ್ಪಣೆ ಮಾಡಿದರು. ಅಕ್ಕ ಮೆಂತ್ಯೆಯ ಗಡಿಗೆಯನ್ನು ಮೆಲ್ಲಗೆ ಮಗ್ಗುಲಿಗೆ ಎಳೆದುಕೊಂಡಳು. ಕೂಸು ಎಳೆದುಕೊಂಡಂತೆ ಎಳೆದುಕೊಂಡಿದ್ದಳು.

ಆದರೆ ಅದು ಚಾತುರ್ಮಾಸ. ಆ ನಾಲ್ಕು ತಿಂಗಳು ಕಾಕಾ ಒಂದು ಇರುವೆಯನ್ನೂ ಮೆಟ್ಟುತ್ತಿರಲಿಲ್ಲ. ಅದಕ್ಕೇ ನಾನು ಮೆಲ್ಲಗೆ, ಒಂದೊಂದು ಗಡಿಗೆಯಲ್ಲಿ ಸಾವಿರಾರು ಜೀವ ಇರುತ್ತವೆ, ಬಿಸಿಲಿಗೆ ಒಗೆದರೆ ಒಂದೂ ಉಳಿಯುವುದಿಲ್ಲ, ಒಗೆಯುವವರು ಯಾರೆಂದು ಹೇಳಿಬಿಡಿ ಅಂದೆ. ಕಾಕಾ ಕೈ ಹಿಂದಕ್ಕೆ ಕಟ್ಟಿಕೊಂಡರು. ನೀನೇ ಒಗೆ ಅಂದರು. ಅವುಗಳನ್ನು ಬೆಳೆಸಲಿಕ್ಕೇ ಸರಕಾರ ನನಗೆ ಪಗಾರ ಕೊಡುತ್ತದೆ, ಕೊಂದರೆ ನೌಕರಿ ಹೋದೀತು ಅಂದೆ. ಅವ್ವನನ್ನು ನೋಡಿದರು. ಅವ್ವ, ಅಪ್ಪಣೆ ಮಾಡಿದವರಿಗೇ ಪಾಪದ ಮುಕ್ಕಾಲು ಪಾಲು ಬರುತ್ತದೆಂದು ಪುರಾಣದಲ್ಲಿ ಕೇಳಿದ ನೆನಪು ಅಂದಳು. ಮುಸುರೆ ತಿಕ್ಕುವವಳನ್ನು ಕರೆದು ಕೇಳಿದರೆ, ನನ್ನ ಪಾಪವೇ ನನಗೆ ಹೊರಲಾರದಷ್ಟು ಇದೆ, ನಿಮ್ಮದು ನೀವೇ ಇಟ್ಟುಕೊಳ್ಳಿ ಅಂದು ಪಾತ್ರೆ ಡಬ್ಬು ಹಾಕಿ ಹೊರಟಳು.

ಪುಣ್ಯದ ಕೆಲಸವೆಂದರೆ ನಾ ಮುಂದು ತಾ ಮುಂದು ಎನ್ನುವ ಮನೆ ನಮ್ಮದು. ಪಾಪಕ್ಕೆ ಮಾತ್ರ ಆಳು ಸಿಗಲಿಲ್ಲ. ಗಡಿಗೆಗಳು ಉಳಿದವು.

ಶಿರಹಟ್ಟಿಯ ಭೂತಗನ್ನಡಿ

ಇಲಾಖೆಯಿಂದ ನನಗೊಂದು ಭೂತಗನ್ನಡಿ ಕೊಟ್ಟಿದ್ದರು. ಮಣ್ಣಿನೊಳಗಿನ ಜೀವ ಕಣ್ಣಾರೆ ನೋಡಿದರೆ ರೈತರಿಗೆ ಗೊಬ್ಬರದ ಮೇಲೆ ಪ್ರೀತಿ ಬರುತ್ತದೆ ಎಂದು ಮೇಲಿನವರ ವಿಚಾರ. ಮೇಲಿನವರು ಶಿರಹಟ್ಟಿಗೆ ಬಂದಿರಲಿಲ್ಲ.

ಅಲ್ಲಿಯ ಚಾವಡಿಯ ಮುಂದೆ ಒಂದು ಬೊಗಸೆ ಗೊಬ್ಬರ ಹರವಿ, ಕನ್ನಡಿ ಹಿಡಿದು ಒಬ್ಬೊಬ್ಬರಿಗೇ ತೋರಿಸಿದೆ. ಮೊದಲು ನೋಡಿದ ಹಿರಿಯ ರೈತರೊಬ್ಬರು ಚಂಗನೆ ಹಿಂದಕ್ಕೆ ಸರಿದು, ಹೆಗಲ ಮೇಲಿನ ವಲ್ಲಿಯಿಂದ ಕೈ ಕಾಲು ಎರಡನ್ನೂ ಝಾಡಿಸಿಕೊಂಡರು. ಎಂಟು ಕಾಲು, ಮೈ ತುಂಬ ಕೂದಲು, ಕುತ್ತಿಗೆ ಇಲ್ಲ ಎಂದು ಹಿಂದಿನವರಿಗೆ ವರದಿ ಒಪ್ಪಿಸಿದರು. ಹಿಂದಿನವರು ನೋಡದೇ ಹೆದರಿದರು. ಇದು ಸಣ್ಣದು, ಕನ್ನಡಿಯಲ್ಲಿ ದೊಡ್ಡದು ಕಾಣುತ್ತದೆ ಎಂದು ನಾನು ಎಷ್ಟು ಹೇಳಿದರೂ, ಕಂಡದ್ದು ಸುಳ್ಳೋ ನೀ ಹೇಳುವುದು ಸುಳ್ಳೋ ಎಂದು ಕೇಳಿದರು.

ಶಿರಹಟ್ಟಿ ಆಗಷ್ಟೇ ಸಾಂಗಲಿ ಸಂಸ್ಥಾನದಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಹಿರಿಯರು ಕಡೆಗೆ ಹೇಳಿದರು:

“ನಾ ಐವತ್ತ ವರ್ಷ ಒಕ್ಕಲತನ ಮಾಡೇನ್ರಿ. ರಾಜರ ಕಾಲದಾಗ ನಮ್ಮ ಮಣ್ಣಾಗ ಇಂಥಾವು ಒಂದೂ ಇದ್ದಿಲ್ಲ. ಇವು ಸ್ವರಾಜ್ಯ ಬಂದಮ್ಯಾಲೆ ಬಂದಾವು.”

ಎಲ್ಲರೂ ಹೌದು ಹೌದು ಅಂದರು. ಅಂದಿನ ಮಟ್ಟಿಗೆ ಶಿರಹಟ್ಟಿಯಲ್ಲಿ ಗೊಬ್ಬರವೂ ಸೋತಿತು, ಸ್ವರಾಜ್ಯವೂ ಸೋತಿತು.

ಮನೆಗೆ ಬಂದು ಆ ಕನ್ನಡಿಯನ್ನು ಅಕ್ಕನಿಗೆ ಕೊಟ್ಟೆ. ಅವಳು ಹೆದರಲಿಲ್ಲ. ಗಡಿಗೆಯ ಮೇಲೆ ಬಗ್ಗಿ ಎಷ್ಟೋ ಹೊತ್ತು ನೋಡಿದಳು. ನುಸಿಗಳು ಮಣ್ಣಿನ ಹೆಂಟೆ ಹತ್ತಿ, ಇಳಿದು, ಗಡಿಗೆಯ ಅಂಚು ದಾಟಿ ಆಚೆಗೂ ಹೊರಟಿದ್ದವು. “ಇವು ಎಲ್ಲೆ ಬೇಕಾದಲ್ಲೆ ತಿರಗತಾವಲ್ಲೋ,” ಅಂದಳು. “ಇವನ್ನ ಯಾರೂ ಮೂಲಿಗೆ ಕುಂಡ್ರಿಸಿಲ್ಲ.” ಆಕೆ ಚೇಷ್ಟೆಗೇ ಅಂದಿದ್ದಳು. ನನಗೆ ನಗು ಬರಲಿಲ್ಲ.

ಲಕ್ಷ್ಮೇಶ್ವರದ ದಾರಿ

ಅವ್ವ ಒಂದು ದಿನ ಕಾಕಾನನ್ನು ಬಿಡದೆ ಹಿಡಿದಳು. ಮಗಳನ್ನು ಯಾವಾಗ ಹೊರಗೆ ಕರೆಯುತ್ತೀರಿ ಎಂದು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಕೇಳಿದಳು. ಕಾಕಾ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಆಕೆ ಈಗ ಬೀಗರ ಮನೆಯವಳು, ಅವರು ಹ್ಞೂಂ ಅನ್ನಲಿ, ಆಮೇಲೆ ನೋಡೋಣ ಅಂದರು. ನಾನು ಮಾರನೆಯ ದಿನವೇ ಲಕ್ಷ್ಮೇಶ್ವರಕ್ಕೆ ಹೊರಟೆ.

ಅಕ್ಕನ ಮಾವ ಒಳ್ಳೆಯವರು, ಮಗ ಹೋದ ಮೇಲೆ ಪೂರ್ತಿ ಕುಗ್ಗಿಹೋಗಿದ್ದರು. ನಮ್ಮದೇನು ಅಡ್ಡಿ ಇಲ್ಲಪ್ಪ, ಆದರೆ ಈಗ ಆಕೆ ನಿಮ್ಮ ಮನೆಯಲ್ಲಿ ಇದ್ದಾಳೆ, ನಿಮ್ಮ ಕಾಕಾ ಹಿರಿಯರು, ಅವರ ಮಾತು ಮೀರಿ ನಾವು ಹ್ಞೂಂ ಅನ್ನುವುದು ಸರಿಯಲ್ಲ, ಅವರು ಮೊದಲು ಅನ್ನಲಿ ಎಂದರು. ನಾನು ತಲೆ ಹಿಡಿದುಕೊಂಡು ಕೂತೆ. ಅಷ್ಟರಲ್ಲಿ ಅಕ್ಕನ ಅತ್ತೆ ಒಳಗಿನಿಂದ ಬಂದು ಮಜ್ಜಿಗೆ ಕೊಟ್ಟು, ದನಿ ತಗ್ಗಿಸಿ, ಸೊಸೆಯ ಗಡಿಗೆಯಲ್ಲಿ ಹುಳ ಎದ್ದಿವೆಯಂತೆ, ಹೌದೇ ಎಂದು ಕೇಳಿದರು. ನನಗಿಂತ ಮೊದಲೇ ಸುದ್ದಿ ಲಕ್ಷ್ಮೇಶ್ವರ ಮುಟ್ಟಿತ್ತು. ಹೌದು ಅಂದೆ.

“ಅಲ್ಲಿಂದ ಇಲ್ಲೀತನಾ ಬರತಾವೇನಪಾ? ನಮ್ಮ ಹಗೇವಿನಾಗ ಜ್ವಾಳ ತುಂಬೇವಿ.”

ಹಗೇವು ಅಂದರೆ ಅಂಗಳದಲ್ಲಿ ಜೋಳ ಹುಗಿದಿಡುವ ನೆಲದ ಕಣಜ. ಅದರ ಬಾಯಿಗೆ ಆಗಲೇ ಎರಡು ಸಲ ಸಗಣಿ ಬಳಿಸಿ ಮೇಲೆ ಚಪ್ಪಡಿ ಎಳೆಸಿದ್ದರು. ಗಡಿಗೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವುದರೊಳಗೆ ದಣಿದು ನಿಲ್ಲುವ ನುಸಿ ಬೆಟಗೇರಿಯಿಂದ ನಡೆದು ಬರಬೇಕಾಗಿತ್ತು. ಬಂದರೂ ಅದು ಒಣ ಕಾಳು ತಿನ್ನುವ ಜಾತಿಯದಲ್ಲ ಎಂದು ಎಷ್ಟೋ ಹೇಳಿದೆ. ಅತ್ತೆ ತಲೆ ಅಲ್ಲಾಡಿಸಿ, ನಾನು ಹೊರಟ ಮೇಲೆ ನಾನು ಕೂತಿದ್ದ ಚಾಪೆಯನ್ನು ಬಿಸಿಲಿಗೆ ಹಾಕಿಸಿದರು. ತಿರುಗಿ ನೋಡಿದಾಗ ಕಂಡಿತು.

ಆ ದಿನಗಳಲ್ಲಿ ಸಂಸ್ಥಾನಗಳೆಲ್ಲ ಒಂದೊಂದಾಗಿ ವಿಲೀನವಾಗುತ್ತಿದ್ದವು. ಮಿರಜದವರ ಲಕ್ಷ್ಮೇಶ್ವರ ಸೇರಿತು, ಸಾಂಗಲಿಯವರ ಶಿರಹಟ್ಟಿ ಸೇರಿತು. ರಾಜರು ಒಂದು ಸಹಿ ಹಾಕಿ ಊರಿಗೆ ಊರನ್ನೇ ಬಿಟ್ಟುಕೊಟ್ಟರು. ನಮ್ಮ ಅಕ್ಕ ಮಾತ್ರ ಯಾವ ಸೀಮೆಗೂ ಸೇರದೆ ನಡುವೆ ಉಳಿದಳು.

ದೇವಿಯ ದಂಡು

ನವರಾತ್ರಿ ಬಂತು. ನಮ್ಮ ಕಡೆ ಮೊದಲ ದಿನ ದೇವರ ಮನೆಯಲ್ಲಿ ಘಟ್ಟ ಹಾಕುತ್ತಾರೆ. ಪತ್ರಾವಳಿಯ ಮೇಲೆ ಮಣ್ಣು ಹರವಿ, ನಡುವೆ ನೀರು ತುಂಬಿದ ಕಲಶ ಇಟ್ಟು, ಸುತ್ತ ಗೋದಿ ಬಿತ್ತುತ್ತಾರೆ. ಹಬ್ಬ ಮುಗಿಯುವುದರೊಳಗೆ ಸಸಿ ಎತ್ತರ ಬಂದರೆ ಮನೆಗೆ ಒಳ್ಳೆಯದು. ಬರದಿದ್ದರೆ ಏನಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯಲ್ಲಿ ಒಂದು ಸಾವು ಆಗಿಹೋಗಿದ್ದರಿಂದ ಎಲ್ಲರೂ ಒಳಗೊಳಗೇ ಅಂಜಿದ್ದರು.

ಕಾಕಾ ನನ್ನ ಗೊಬ್ಬರ ಮುಟ್ಟಲಿಲ್ಲ. ಅಂತೂರ ಬೆಂತೂರಿನ ಹೊಲದಿಂದ ಎರೆ ಮಣ್ಣು ತರಿಸಿ, ಮಡಿಯುಟ್ಟು, ಮಂತ್ರ ಹೇಳುತ್ತ ಮೂರು ಹೊತ್ತೂ ತಂಬಿಗೆಗಟ್ಟಲೆ ನೀರು ಹಾಕಿದರು. ಎರೆ ಮಣ್ಣು ಕೆಸರಾಯಿತು. ಬೀಜ ಭಕ್ತಿಗೇ ಕೊಳೆತು ಹೋದವು. ಕಾಕಾನ ಮುಖ ಕಪ್ಪಿಟ್ಟಿತು.

ಒಳಕೋಣೆಯಲ್ಲಿ ಅಕ್ಕನೂ ಅದೇ ದಿನ ಒಂದು ಅಗಲ ಗಡಿಗೆಯಲ್ಲಿ ಗೋದಿ ಹಾಕಿಕೊಂಡಿದ್ದಳು. ದೇವರ ಮನೆಗೆ ಹೋಗುವಂತಿಲ್ಲ, ಇಲ್ಲೇ ಒಂದು ಇರಲಿ ಎಂದು. ಆಕೆಯ ಗೋದಿ ಹುಲುಸಾಗಿ ಎದ್ದಿತ್ತು. ಪಂಚಮಿಯ ಸಂಜೆ ಓಣಿಯ ಹೆಂಗಸರು ಆರತಿಗೆ ಬರುವವರಿದ್ದರು. ಅಂದು ನಸುಕಿನಲ್ಲಿ ಅವ್ವ ಮಡಿಸೀರೆ ಉಟ್ಟು ಅಕ್ಕನ ಗಡಿಗೆಯ ಮಣ್ಣನ್ನು ಸಸಿ ಸಮೇತ ಎತ್ತಿ ತಂದು ಪತ್ರಾವಳಿಯ ಮೇಲೆ ಕೂಡಿಸಿದಳು. ಪಾಪ ಬಂದರೆ ನನಗೇ ಬರಲಿ ಎಂದು ನನ್ನ ಕಿವಿಯಲ್ಲಿ ಹೇಳಿ ಹೋದಳು. ಕಾಕಾ ಸ್ನಾನ ಮಾಡಿ ಬಂದು ನೋಡಿದರು, ದೇವಿಗೆ ಕೈ ಮುಗಿದರು, ಕಣ್ಣಲ್ಲಿ ನೀರು ತಂದುಕೊಂಡರು. ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಸಂಜೆ ಆರತಿ ನಡೆದಿತ್ತು. ದೀಪದ ಬೆಳಕು ಕಲಶದ ಮೇಲೆ ಬಿದ್ದಾಗ ಎದುರುಮನೆಯ ಅಜ್ಜಿ ಹಾಡು ನಿಲ್ಲಿಸಿ ಬಗ್ಗಿ ನೋಡಿದರು. ಬಿಳಿಯ ಚುಕ್ಕೆಗಳು ಸಾಲುಗಟ್ಟಿ ಕಲಶ ಹತ್ತುತ್ತಿದ್ದವು. ಎಲ್ಲರ ಹಾಡೂ ನಿಂತಿತು. ನಮ್ಮ ಒಳಕೋಣೆಯ ಹುಳದ ಸುದ್ದಿ ಲಕ್ಷ್ಮೇಶ್ವರಕ್ಕೇ ಗೊತ್ತಿದ್ದ ಮೇಲೆ ಓಣಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅವ್ವ ಆರತಿ ತಟ್ಟೆಯನ್ನು ಕಲಶಕ್ಕೆ ಅಡ್ಡ ಹಿಡಿದಳು. ಗಂಡ ಸತ್ತವಳ ಕೈಯ ಮಣ್ಣು ದೇವಿಯ ಮುಂದೆ ಕೂತಿದೆ ಎಂದು ಹೊರಬಿದ್ದರೆ ಅಕ್ಕನಿಗೆ ಈ ಜನ್ಮದಲ್ಲಿ ಹೊರಗಿನ ಗಾಳಿ ಇಲ್ಲ ಎಂದು ನನಗೂ ಗೊತ್ತಿತ್ತು.

ಅಜ್ಜಿ ನಿಧಾನವಾಗಿ ಎರಡೂ ಕೈ ಎತ್ತಿ ಮುಗಿದರು.

“ಮೈಸಾಸುರನ ಕೊಲ್ಲಾಕ ದೇವಿ ದಂಡು ಇಳದೈತಿ ನೋಡ್ರೇ. ಪುಣ್ಯಾ ಮಾಡಿದ ಮನಿ.”

ಹೆಂಗಸರೆಲ್ಲ ದಡದಡ ಕೆಳಗೆ ಬಿದ್ದು ನಮಸ್ಕರಿಸಿದರು. ಅವ್ವ ಕಾಕಾನ ಮುಖ ನೋಡಿದಳು, ನಾನೂ ನೋಡಿದೆ. ಕಾಕಾನಿಗೆ ಆ ದಂಡು ಯಾವ ಕೋಣೆಯಿಂದ ಹೊರಟು ಬಂದಿದೆ ಎಂದು ಆಗ ಪೂರಾ ತಿಳಿದಿತ್ತು. ಅಲ್ಲ ಅಂದರೆ ಮನೆಯ ಮಾನ ಹೋಗುತ್ತಿತ್ತು. ತಾವೂ ಕೈ ಮುಗಿದು, ಹಿಂದೆ ಒಮ್ಮೆ ನಮ್ಮ ಮುತ್ತಜ್ಜನ ಕಾಲದಲ್ಲೂ ಹೀಗೆ ಆಗಿತ್ತು ಎಂದುಬಿಟ್ಟರು.

ದಸರೆಯ ಬೆಳಗು

ಕಾಕಾನ ಆ ಒಂದು ಮಾತು ನಮಗೇ ತಿರುಗಿ ಬಂತು. ದೇವಿಯ ದಂಡು ಇದ್ದ ಮಣ್ಣು ಒಂದು ಹಿಡಿ ಹೊಲಕ್ಕೆ ಚೆಲ್ಲಿದರೆ ಬೆಳೆ ತಪ್ಪುವುದಿಲ್ಲ, ತುಳಸಿಗೆ ಹಾಕಿದರೆ ಮನೆ ತುಂಬುತ್ತದೆ ಎಂದು ಯಾರು ಹಬ್ಬಿಸಿದರೋ, ದಸರೆಯ ದಿನ ಬೆಳಕು ಹರಿಯುವ ಮೊದಲೇ ಹೆಂಗಸರು ಬಟ್ಟಲು ಹಿಡಿದು ಬಾಗಿಲಿಗೆ ಬಂದರು. ನಾನು ಗೊಬ್ಬರ, ಗೊಬ್ಬರ ಎಂದು ಊರೂರು ತಿರುಗಿ ಗಂಟಲು ಹರಿದುಕೊಂಡರೂ ಯಾರೂ ಒಂದು ಬುಟ್ಟಿ ಒಯ್ದಿರಲಿಲ್ಲ. ಈಗ ಬಟ್ಟಲು ಹಿಡಿದು ನಿಂತವರ ಪಾಳಿ ಓಣಿಯ ತಿರುವಿನ ತನಕ ಹೋಯಿತು.

ಘಟ್ಟದ ಮಣ್ಣು ಮೊದಲ ನಾಲ್ಕು ಬಟ್ಟಲಿಗೇ ಮುಗಿಯಿತು. ಉಳಿದವರು ಬಿಡಬೇಕಲ್ಲ. ಅವ್ವ ಗಾಬರಿಯಲ್ಲಿ, ಇನ್ನೂ ಬೇಕಾದರೆ ಮಗಳ ಹತ್ತಿರ ಇದೆ ಅಂದುಬಿಟ್ಟಳು. ಅಂದ ಮೇಲೆ ತುಟಿ ಕಚ್ಚಿಕೊಂಡಳು. ಮುಂದಿದ್ದವರು ಹೆಜ್ಜೆ ಹಿಂದಕ್ಕೆ ಇಟ್ಟರು. ದಸರೆಯ ಬೆಳಗು, ಅದರಲ್ಲೂ ಗಂಡ ಸತ್ತವಳ ಮುಖ. ಆದರೆ ಹಿಂದಿನವರು ಮುಂದಿನವರನ್ನು ತಳ್ಳಿದರು. ತಳ್ಳಿದ ಮೇಲೆ ಪಾಳಿ ತಾನಾಗಿಯೇ ಒಳಕೋಣೆಗೆ ನುಗ್ಗಿತು.

ಬಾವಿ ಅಂಗಳದಲ್ಲಿ, ದೇವರ ಮನೆ ಒಳಗೆ, ಒಳಕೋಣೆ ನಡುವೆ. ಕಾಕಾ ಬಾವಿಯಲ್ಲಿ ತಣ್ಣೀರು ಸುರಿದುಕೊಂಡು ಮಡಿಯುಟ್ಟು ದೇವರ ಮನೆಗೆ ಹೊರಟರು. ಒಬ್ಬಾಕೆಯ ಸೆರಗು ತಾಗಿತು. ಮಡಿ ಹೋಯಿತು. ತಿರುಗಿ ಹೋಗಿ ಮತ್ತೆ ಸುರಿದುಕೊಂಡು ಗೋಡೆಗೆ ಅಂಟಿಕೊಂಡು ಬಂದರು. ಇನ್ನೊಬ್ಬಾಕೆಯ ಬಟ್ಟಲು ತಾಗಿತು. ಮತ್ತೆ ಬಾವಿ. ದೇವರಿಗೆ ಪೂಜೆ ಇಲ್ಲ, ಕಾಕಾನಿಗೆ ಹಲ್ಲು ಕಟಕಟ. ಕೊನೆಗೆ ತೊಟ್ಟಿಕ್ಕುತ್ತ ಬಾಗಿಲಲ್ಲಿ ನಿಂತು ಕೂಗಿದರು:

“ಆಕಿನ್ನ ಹೊರಗ ಕರೀರಿ ಮೊದಲ. ಕಟ್ಟಿ ಮ್ಯಾಲೆ ಕುಂಡ್ರಿಸಿ ಹಂಚರಿ.”

ಪಂಚಾಂಗ ನೋಡಲಿಲ್ಲ. ಬೀಗರನ್ನು ಕೇಳಲಿಲ್ಲ. ಅವ್ವ ಮಾತು ಕೆಳಗೆ ಬೀಳುವುದರೊಳಗೆ ಅಕ್ಕನ ಕೈ ಹಿಡಿದು ಎಬ್ಬಿಸಿದಳು. ನಾನು ಗಡಿಗೆ ಎತ್ತಿಕೊಂಡೆ. ಅಕ್ಕ ಪಡಸಾಲೆ ದಾಟಿ, ತಲೆಬಾಗಿಲು ದಾಟಿ, ಕಟ್ಟೆಯ ಮೇಲೆ ಬಂದು ನಿಂತಳು. ಬಿಸಿಲಿಗೆ ಕಣ್ಣು ಬಿಡಲು ಆಗದೆ ಕೈ ಅಡ್ಡ ಹಿಡಿದಳು. ಎಷ್ಟು ಬೆಳ್ಳಗಾಗಿದ್ದಳೆಂದು ನನಗೆ ಆಗಲೇ ಕಂಡದ್ದು.

ಹೆಂಗಸರೆಲ್ಲ ಕಣ್ಣು ಮುಚ್ಚಿಕೊಂಡು ಬಟ್ಟಲು ಮುಂದೆ ಹಿಡಿದರು. ಮಣ್ಣು ಬೇಕು, ಮುಖ ಬೇಡ. ಕುರುಡರ ಪಾಳಿ ಅಲ್ಲಾಡಿ, ಒಬ್ಬರ ಕಾಲು ಒಬ್ಬರು ತುಳಿದರು. ಅಕ್ಕ ಒಂದಿಷ್ಟು ಹೊತ್ತು ನೋಡಿ, ಕಣ್ಣು ಮುಚ್ಚಿದವರಿಗೆ ಬರಿ ಮಣ್ಣು ಹಾಕಿದರೂ ತಿಳಿಯುವುದಿಲ್ಲ, ಹುಳ ಇದೆಯೋ ಇಲ್ಲವೋ ನೋಡಿಕೊಂಡು ಒಯ್ಯಿರಿ, ಆಮೇಲೆ ನನ್ನ ಮೇಲೆ ಹಾಕಬೇಡಿ ಅಂದಳು. ಮೋಸ ಹೋಗಬಾರದೆಂದು ಇಡೀ ಪಾಳಿಯೇ ಪಟಪಟನೆ ಕಣ್ಣು ಬಿಟ್ಟಿತು. ಬಿಟ್ಟ ಮೇಲೆ ಮುಚ್ಚಿ ಉಪಯೋಗವಿರಲಿಲ್ಲ.

ಎದುರುಮನೆಯ ಅಜ್ಜಿ ಒಬ್ಬರೇ ಹಟ ಬಿಡದೆ ಕಣ್ಣು ಬಿಗಿದುಕೊಂಡು ನಿಂತಿದ್ದರು. ಬಟ್ಟಲು ಚಾಚಿಕೊಂಡು ಮುಂದೆ ಬರುತ್ತ, ದಾರಿ ತಪ್ಪಿ, ಆಗಷ್ಟೇ ಮಿಂದು ಮಡಿಯುಟ್ಟು ಏರಿ ಬರುತ್ತಿದ್ದ ಕಾಕಾನ ಎದೆಗೆ ಬಟ್ಟಲು ಒತ್ತಿ, “ಹುಳ ಭಾಳ ಇರೂವಂಥಾದ್ದ ಹಾಕವಾ,” ಅಂದರು.

ಓಣಿಗೆ ಓಣಿಯೇ ನಕ್ಕಿತು. ಕಾಕಾ ಹಾಗೇ ತಿರುಗಿ ಬಾವಿಯ ಕಡೆ ಹೊರಟರು. ಅಕ್ಕ ಕಟ್ಟೆಯ ಮೇಲಿನಿಂದ ಕೂಗಿ ಹೇಳಿದಳು:

“ತಡೀರಿ ಕಾಕಾ, ನೀರು ನಾ ಸೇದಿ ಕೊಡತೇನಿ. ಹೆಂಗೂ ಹೊರಗ ಬಂದೇನಿ.”